ಭಾನುವಾರದ ಕ್ವಿಜ್‌ಗೆ ಮುಂಚೆ ಒಂದು ಮಾತು

ಎಲ್ರಿಗೂ ನಮಸ್ಕಾರ, ಮೊದಲ ಅಮೆರಿಕನ್ ಬಾವುಟ ಹೊಲಿದಿದ್ದು ಫಿಲಡೆಲ್ಫಿಯಾದ ಬೆಟ್ಸಿ ರಾಸ್ ಅನ್ನೋ ಫಾರ್ವರ್ಡ್ ಇನ್ನು ತಳ್ಬೇಡಿ ಪ್ಲೀಸ್, ಆ ಕಥೆ ಅವರ ಮೊಮ್ಮಗ 1870ರಲ್ಲಿ ಹೇಳಿದ್ದು, ಬಾವುಟ ಹೊಲಿದ ಕಾಲದ ದಾಖಲೆ ಸಿಕ್ಕಿಲ್ಲ. ಕ್ವಿಜ್‌ಗೆ ಓದ್ಕೋಬೇಕಾದ ಹೆಸರು ರೆಬೆಕಾ ಯಂಗ್. ಅದೇ ಫಿಲಡೆಲ್ಫಿಯಾದವರು, ಗಂಡ ತೀರ್ಕೊಂಡ್ಮೇಲೆ ಬಾವುಟ ಹೊಲಿದೇ ಸಂಸಾರ ನಡೆಸಿದ್ರು, ಅಮೆರಿಕದ ಸ್ವಾತಂತ್ರ್ಯ ಯುದ್ಧ ಇನ್ನೂ ನಡೀತಿದ್ದಾಗಲೇ 1781ರಲ್ಲಿ ಸೈನ್ಯಕ್ಕೂ ನೌಕಾಪಡೆಗೂ ಬಾವುಟ ಮಾಡ್ಕೊಡ್ತೀನಿ, ರೇಟು ಕಮ್ಮಿ ಅಂತ ಪೇಪರಲ್ಲಿ ಜಾಹೀರಾತು ಕೊಟ್ಟಿದ್ರು (ಗಟ್ಟಿಗಿತ್ತಿ!). ಮಗಳು ಮೇರಿ ಪಿಕರ್ಸ್‌ಗಿಲ್‌ಗೂ ಇವರೇ ಗುರು. 1813ರಲ್ಲಿ ಬಾಲ್ಟಿಮೋರ್ ಕೋಟೆಗೆ ಮೇರಿ ಹೊಲಿದ ಬಾವುಟ 30 ಅಡಿ ಎತ್ತರ 42 ಅಡಿ ಉದ್ದ, ಮನೇಲಿ ಹಾಸೋಕೆ ಜಾಗ ಸಾಲದೆ ಹತ್ತಿರದ ಬಿಯರ್ ಕಾರ್ಖಾನೆ ನೆಲದ ಮೇಲೆ ಹರಡಿದ್ರಂತೆ, ಎಪ್ಪತ್ತು ದಾಟಿದ್ದ ಅಮ್ಮನೂ ಜೊತೇಲಿ ಸೂಜಿ ಹಿಡಿದು ಕೂತಿದ್ರು. ಡೌಟ್ ಇದ್ರೆ ಶನಿವಾರ ರಾತ್ರಿಯೊಳಗೆ ಇಲ್ಲೇ ಕೇಳಿ, ಪರ್ಸನಲ್ ಮೆಸೇಜ್ ಬೇಡ.