ಬೆಲ್ಜಿಯಂ ಉಳಿಯುತ್ತಾ ಅಂತ ಕೇಳಿದ್ದಿರಲ್ಲ, ಅಪ್ಪ

ಲೂವೆನ್, ಬೆಲ್ಜಿಯಂ

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಚಳಿ ತಡೆಯುವಷ್ಟು ಬಟ್ಟೆ ಇದೆ, ಅಮ್ಮ ಚಿಂತೆ ಮಾಡಬಾರದು.

ಅಪ್ಪ, ನಿಮ್ಮ ಪ್ರಶ್ನೆಗೆ ಫೋನಿನಲ್ಲಿ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಫ್ಲಾಂಡರ್ಸ್ ಪ್ರತ್ಯೇಕ ದೇಶ ಆಗಬೇಕು ಅನ್ನುವ ಪಕ್ಷದ ಬಾರ್ಟ್ ಡಿ ವೇವರ್ ಅವರೇ 2025ರ ಫೆಬ್ರವರಿಯಲ್ಲಿ ಇಡೀ ಬೆಲ್ಜಿಯಂಗೆ ಪ್ರಧಾನಿಯಾಗಿದ್ದಾರೆ. ಹಾಗಾದರೆ ದೇಶ ಉಳಿಯುತ್ತಾ ಅಂದಿರಿ. ಸದ್ಯಕ್ಕಂತೂ ಒಡೆಯುವ ಹಾಗೆ ಕಾಣುವುದಿಲ್ಲ. ಆದರೆ ಇಲ್ಲಿನ ಜನ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗಾಗಿದ್ದಾರೆ.

ಉತ್ತರಕ್ಕೆ ಫ್ಲಾಂಡರ್ಸ್, ಅಲ್ಲಿ ಡಚ್. ದಕ್ಷಿಣಕ್ಕೆ ವಲ್ಲೋನಿಯಾ, ಅಲ್ಲಿ ಫ್ರೆಂಚ್. ರಾಜಧಾನಿ ಬ್ರಸೆಲ್ಸ್ ಸುತ್ತಲೂ ಫ್ಲಾಂಡರ್ಸ್ ನೆಲ, ಊರಿನೊಳಗೆ ಹೆಚ್ಚಿನವರು ಆಡುವುದು ಫ್ರೆಂಚ್.

ಫ್ಲೆಮಿಷ್ ಜನರ, ಅಂದರೆ ಫ್ಲಾಂಡರ್ಸ್‌ನವರ, ನೋವು ನಿಜವಾದದ್ದು. 1830ರಲ್ಲಿ ದೇಶ ಹುಟ್ಟಿದಾಗಲೂ ಜಾಸ್ತಿ ಜನ ಅವರೇ. ಆದರೂ ಕೋರ್ಟು, ಕಚೇರಿ, ಸೇನೆ, ಕಾಲೇಜು ಎಲ್ಲ ಫ್ರೆಂಚಿನಲ್ಲೇ ನಡೆಯುತ್ತಿತ್ತು. ಕಾನೂನಿನ ಡಚ್ ಪ್ರತಿಗೂ ಫ್ರೆಂಚ್ ಪ್ರತಿಯಷ್ಟೇ ಬೆಲೆ ಅಂತ ಆದದ್ದು 1898ರಲ್ಲಿ. ಪೂರ್ತಿ ಡಚ್‌ನಲ್ಲಿ ಪಾಠ ಮಾಡುವ ವಿಶ್ವವಿದ್ಯಾಲಯ ಫ್ಲಾಂಡರ್ಸ್‌ನ ಗೆಂಟ್ ಊರಿನಲ್ಲಿ ಸಿಕ್ಕಿದ್ದು 1930ರಲ್ಲಿ. ಒಂದು ಶತಮಾನ ಕಾಯಬೇಕಾಯಿತು! ತಮ್ಮ ನೆಲದಲ್ಲೇ ತಮ್ಮ ಮಾತಿಗೆ ಜಾಗ ಕೇಳಿದ್ದನ್ನು ಹಟ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ನೀವೂ ಒಪ್ಪಲಾರಿರಿ ಅಂತ ಗೊತ್ತು.

ಮನಸ್ಸಿಗೆ ಕಷ್ಟವಾದದ್ದು ನಾನಿರುವ, ಫ್ಲಾಂಡರ್ಸ್‌ನ ಈ ಲೂವೆನ್ನಿನ ಕತೆ. ಇಲ್ಲಿನ ವಿಶ್ವವಿದ್ಯಾಲಯ 1425ರದ್ದು. ಅದರ ಗ್ರಂಥಾಲಯವನ್ನು 1914ರಲ್ಲಿ ಜರ್ಮನ್ ಸೈನಿಕರು ಸುಟ್ಟರು. ಮತ್ತೆ ಕಟ್ಟಿದರು. 1940ರ ಯುದ್ಧದಲ್ಲಿ ಅದೂ ಸುಟ್ಟಿತು. ಮತ್ತೆ ಪುಸ್ತಕ ಕೂಡಿಸಿದರು. ಅಂಥ ಜಾಗದಲ್ಲಿ 1960ರ ದಶಕದಲ್ಲಿ ಡಚ್ ಮಾತಾಡುವ ವಿದ್ಯಾರ್ಥಿಗಳು ಅಲ್ಲಿದ್ದ ಫ್ರೆಂಚ್ ಮಾತಿನವರಿಗೆ 'ವಲ್ಲೋನರೇ ಹೊರಡಿ' ಅಂತ ಬೀದಿಗಿಳಿದರು. 1968ರ ಫೆಬ್ರವರಿಯಲ್ಲಿ ಈ ಜಗಳಕ್ಕೆ ಸರ್ಕಾರವೇ ಬಿತ್ತು. ಕೊನೆಗೆ ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ಭಾಗಕ್ಕೆ ಭಾಷಾ ಗಡಿಯ ಆಚೆ ಹೊಲಗಳ ನಡುವೆ ಲೂವ್ಯಾಂ-ಲ-ನ್ಯೋವ್ ಅನ್ನೋ ಹೊಸ ಊರನ್ನೇ ಕಟ್ಟಿಕೊಟ್ಟರು. ಪುಸ್ತಕಗಳನ್ನೂ ಹಂಚಿಕೊಂಡರು. ಬೆಸ ಸಂಖ್ಯೆಯವು ಒಬ್ಬರಿಗೆ, ಸರಿ ಸಂಖ್ಯೆಯವು ಇನ್ನೊಬ್ಬರಿಗೆ! ಆ ಕಟ್ಟಡದ ಮುಂದೆ ನಿಂತಾಗ ನನಗೆ ಸಂಕಟವಾಯಿತು. ಹೊರಗಿನವರು ಎರಡು ಸಲ ಸುಟ್ಟರೂ ಕೂಡಿಸಿಟ್ಟದ್ದನ್ನು ಮನೆಯವರೇ ಪಾಲು ಮಾಡಿಕೊಂಡರಲ್ಲ.

ಭಾಷಾ ಗಡಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ 1962ರ ಕಾನೂನು ಅದನ್ನು ಗಟ್ಟಿ ಮಾಡಿತು. ರೈಲು ಗಡಿ ದಾಟಿದ ಕೂಡಲೇ ಪ್ರಕಟಣೆಯ ಭಾಷೆ ಬದಲಾಗುತ್ತದೆ. ಡಚ್ ಕಡೆ ಲೂಕ್ ಅಂತಿದ್ದ ಊರು ಫ್ರೆಂಚ್ ಕಡೆ ಲಿಯೇಜ್ ಆಗುತ್ತದೆ. 2024ರಲ್ಲಿ ಫ್ಲಾಂಡರ್ಸ್‌ನ ವಿಲ್‌ವೋರ್ಡ್ ಹತ್ತಿರ ರೈಲಿನ ಟಿಕೆಟ್ ಕಂಡಕ್ಟರ್ ಒಬ್ಬರು ಎರಡೂ ಭಾಷೆಯಲ್ಲಿ ಶುಭೋದಯ ಹೇಳಿದ್ದಕ್ಕೆ ಪ್ರಯಾಣಿಕರೊಬ್ಬರು ಭಾಷಾ ಆಯೋಗಕ್ಕೆ ದೂರು ಕೊಟ್ಟರು. ಅಷ್ಟರಮಟ್ಟಿಗೆ ಹೋಗಬೇಕಾ? ಹಕ್ಕು ಸಿಕ್ಕ ಮೇಲೆ ಸ್ವಲ್ಪ ದೊಡ್ಡ ಮನಸ್ಸೂ ಇರಬೇಕು ಅಲ್ವಾ.

ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದದ್ದು ಮತಪೆಟ್ಟಿಗೆಯಲ್ಲಿ. ಮೊದಲು ದೇಶಕ್ಕೆಲ್ಲ ಒಂದೇ ಇದ್ದ ದೊಡ್ಡ ಪಕ್ಷಗಳು 1968ರಿಂದ 1978ರೊಳಗೆ ಒಂದೊಂದಾಗಿ ಭಾಷೆಯ ಮೇಲೆ ಸೀಳಿದವು. ಈಗ ಗೆಂಟ್‌ನವರು ಲಿಯೇಜ್‌ನ ನಾಯಕರಿಗೆ ಓಟು ಹಾಕುವ ಹಾಗೇ ಇಲ್ಲ. ಹಾಗಿರುವಾಗ ಆ ಕಡೆಯವರ ಕಷ್ಟ ಕೇಳಿ ನಾಯಕರಿಗೆ ಆಗಬೇಕಾದ್ದೇನು? ತಮ್ಮವರನ್ನು ಮೆಚ್ಚಿಸಿದರೆ ಸಾಕು. ಟಿವಿಯೂ ಬೇರೆ, ಪತ್ರಿಕೆಯೂ ಬೇರೆ. 2010ರ ಚುನಾವಣೆ ಆದ ಮೇಲೆ ಸರ್ಕಾರ ರಚಿಸಲು 541 ದಿನ ಹಿಡಿಯಿತು.

ದುಡ್ಡಿನ ಮಾತೂ ಬರುತ್ತದೆ. ನಮ್ಮ ತೆರಿಗೆ ದಕ್ಷಿಣಕ್ಕೆ ಹೋಗುತ್ತದೆ ಅನ್ನುವುದು ಫ್ಲಾಂಡರ್ಸ್‌ನ ದೂರು. ಆದರೆ ಕಲ್ಲಿದ್ದಲು, ಉಕ್ಕಿನ ಕಾಲದಲ್ಲಿ ವಲ್ಲೋನಿಯಾವೇ ಶ್ರೀಮಂತ. ಬಡ ಫ್ಲೆಮಿಷ್ ಕೂಲಿಗಳು ಅಲ್ಲಿನ ಗಣಿಗೆ ಹೊಟ್ಟೆಪಾಡಿಗೆ ಹೋಗುತ್ತಿದ್ದರು. ಅದನ್ನು ಮರೆತು ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟಾದರೂ ಯಾಕೆ ಒಡೆದಿಲ್ಲ? ಮುಖ್ಯವಾಗಿ ಬ್ರಸೆಲ್ಸ್‌ನಿಂದಾಗಿ. ಅದನ್ನು ಎರಡೂ ಕಡೆಯವರು ಬಿಡಲಾರರು, ಸೀಳಲೂ ಆಗದು. ಸಾಲ, ಪಿಂಚಣಿ ಹಂಚುವುದೂ ಸುಲಭವಲ್ಲ. 2006ರ ಡಿಸೆಂಬರ್ 13ರ ರಾತ್ರಿ ಇಲ್ಲಿನ ಫ್ರೆಂಚ್ ಭಾಷೆಯ ಸರ್ಕಾರಿ ಟಿವಿ 'ಫ್ಲಾಂಡರ್ಸ್ ಸ್ವತಂತ್ರವಾಯಿತು' ಅಂತ ಸುಮ್ನೆ ಕಟ್ಟಿದ ಸುದ್ದಿ ತೋರಿಸಿತ್ತು. ತುಂಬಾ ಜನ ನಂಬಿ ಗಾಬರಿಯಾದರು. ನಂಬಿದರು ಅಂದರೆ, ಹಾಗಾಗಬಹುದು ಅನ್ನುವ ಭಯ ಮೊದಲೇ ಒಳಗಿತ್ತು. ಗಾಬರಿಯಾದರು ಅಂದರೆ, ದೇಶ ಬೇಕು ಅನ್ನುವ ಆಸೆಯೂ ಇತ್ತು.

ಮುಂದಿನ ವಾರ ಪೂರ್ವದ ಓಯ್ಪೆನ್‌ಗೆ ಹೋಗುತ್ತೇನೆ. ಅಲ್ಲಿರುವವರು ಜರ್ಮನ್ ಮಾತಾಡುವ ಬೆಲ್ಜಿಯನ್ನರು. ಮೊದಲ ಮಹಾಯುದ್ಧದ ನಂತರ ಜರ್ಮನಿಯಿಂದ ಈ ದೇಶಕ್ಕೆ ಸೇರಿದ ನೆಲ ಅದು. ಸುಮಾರು 80,000 ಜನ, ಆದರೂ 25 ಸದಸ್ಯರ ಸ್ವಂತ ಸಂಸತ್ತು ಇದೆ. ದೊಡ್ಡವರಿಬ್ಬರ ಜಗಳದಲ್ಲಿ ಇವರನ್ನು ಕೇಳುವವರು ಕಡಿಮೆ. ದೇಶ ಒಡೆದರೆ ನೀವು ಯಾವ ಕಡೆ ಅಂತ ಅವರನ್ನೇ ಕೇಳಬೇಕು ಅಂತಿದ್ದೇನೆ. ಏನು ಹೇಳಿದರು ಅಂತ ಬರೆಯುತ್ತೇನೆ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು