ಭಾಗವತರ ದನಿಗೆ ಹಕ್ಕುದಾರರು ಯಾರು?

ಮಾನ್ಯ ಸಂಪಾದಕರೆ,

ಕೃತಕ ಬುದ್ಧಿಮತ್ತೆಯ ಕಂಪನಿಗಳು ತಮ್ಮ ಯಂತ್ರಗಳ ತರಬೇತಿಗೆ ಬಳಸುವ ಬರಹ, ಸಂಗೀತ, ಚಿತ್ರಗಳಿಗೆ ರಾಯಧನ ತೆರಬೇಕೆಂಬ ಪ್ರಸ್ತಾವವನ್ನು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು 2025ರ ಡಿಸೆಂಬರ್‌ನಲ್ಲಿ ಹೊರತಂದ ಕಾರ್ಯಪತ್ರದಲ್ಲಿ ಮುಂದಿಟ್ಟಿದೆ. ಈ ಕುರಿತ ಚರ್ಚೆಯಲ್ಲಿ ಸುದ್ದಿಸಂಸ್ಥೆಗಳು, ಪ್ರಕಾಶಕರು ಮತ್ತು ಸಿನಿಮಾ ಸಂಗೀತದ ಕಂಪನಿಗಳ ದನಿಯೇ ದೊಡ್ಡದಾಗಿ ಕೇಳುತ್ತಿದೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ನಡೆಸುವ ನಮ್ಮಂಥವರಿಗೂ ಈ ವಿಷಯದಲ್ಲಿ ಹೇಳಬೇಕಾದದ್ದಿದೆ ಎಂಬ ಕಾರಣಕ್ಕೆ ಈ ಪತ್ರ.

ಕಳೆದ ಮಳೆಗಾಲದ ಒಂದು ಕೂಟವನ್ನು ನಮ್ಮ ಸಂಘದ ಹುಡುಗರು ಮೊಬೈಲಿನಲ್ಲಿ ಚಿತ್ರೀಕರಿಸಿ ಒಂದು ವಿಡಿಯೊ ತಾಣಕ್ಕೆ ಏರಿಸಿದರು. ಕೃಷ್ಣ–ಕೌರವರ ಸಂವಾದ, ಎದುರಿಗೆ ಕವಳದ ಬಟ್ಟಲು, ಹಿಂದೆ ಹಂಚಿನ ಮೇಲೆ ಮಳೆಯ ಸದ್ದು, ಪದ್ಯ ಹಾಡುವ, ಎಪ್ಪತ್ತು ದಾಟಿದ ಭಾಗವತರು. ಮೂರನೆಯ ದಿನ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು: ಇದರಲ್ಲಿರುವ ಧ್ವನಿಮುದ್ರಣ ಇಂಥ ಕ್ಯಾಸೆಟ್ ಕಂಪನಿಗೆ ಸೇರಿದ್ದು, ಆದ ಕಾರಣ ಆ ಭಾಗದ ಧ್ವನಿಯನ್ನು ತೆಗೆಯಲಾಗಿದೆ. ತೆರೆದು ನೋಡಿದರೆ 12ನೆಯ ನಿಮಿಷದಿಂದ 16ನೆಯ ನಿಮಿಷದವರೆಗೆ ವಿಡಿಯೊ ಮೂಕವಾಗಿತ್ತು. ಭಾಗವತರ ತುಟಿ ಅಲ್ಲಾಡುತ್ತದೆ, ಮದ್ದಳೆಯವರ ಕೈ ಆಡುತ್ತದೆ, ಏನೂ ಕೇಳುವುದಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು: ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಇದೇ ಭಾಗವತರು ಇವೇ ಪದ್ಯಗಳನ್ನು ಆ ಕಂಪನಿಯ ಕ್ಯಾಸೆಟ್ಟಿಗೆ ಹಾಡಿ, ಒಂದು ದಿನದ ಸಂಭಾವನೆ ಪಡೆದು, ಬಸ್ಸು ಹತ್ತಿ ಊರಿಗೆ ಬಂದಿದ್ದರು. ಕಾಗದಕ್ಕೆ ಸಹಿ ಹಾಕಿದ ನೆನಪು ಅವರಿಗಿಲ್ಲ. ತಾಣದ ಯಂತ್ರವು ದನಿಯ ಹೋಲಿಕೆ ಹಿಡಿದು, ಹಾಡಿದವರನ್ನೇ ಕಳ್ಳರ ಸಾಲಿನಲ್ಲಿ ನಿಲ್ಲಿಸಿದೆ.

ಕಾನೂನು ಹೇಳುವುದು ಹೀಗಲ್ಲ. ಧ್ವನಿಮುದ್ರಣದ ಹಕ್ಕು 60 ವರ್ಷ ಕಂಪನಿಗಿರುವುದು ನಿಜ. ಆದರೆ ಅದು ಆ ಕ್ಯಾಸೆಟ್ಟಿನಲ್ಲಿರುವ ಮುದ್ರಣಕ್ಕೆ ಸಂಬಂಧಿಸಿದ್ದೇ ಹೊರತು ಪದ್ಯಕ್ಕಾಗಲಿ, ಅದನ್ನು ಮತ್ತೊಮ್ಮೆ ಹೊಸದಾಗಿ ಹಾಡುವುದಕ್ಕಾಗಲಿ ಸಂಬಂಧಿಸಿದ್ದಲ್ಲ. ಸಾಹಿತ್ಯಕೃತಿಯ ಸ್ವಾಮ್ಯ ಕವಿಯ ಕಾಲಾನಂತರ 60 ವರ್ಷಕ್ಕೆ ಮುಗಿಯುತ್ತದೆ; ನಾವು ಹಾಡಿಸಿದ ಪದ್ಯಗಳನ್ನು ಬರೆದ ಕವಿ ತೀರಿಕೊಂಡು ಶತಮಾನಗಳೇ ಆಗಿವೆ. ಇದನ್ನೆಲ್ಲ ಬರೆದು ಆಕ್ಷೇಪ ಸಲ್ಲಿಸಿದೆವು. ಆಕ್ಷೇಪವನ್ನು ಮೊದಲು ಪರಿಶೀಲಿಸುವವರು ಹಕ್ಕು ಸಾಧಿಸಿದ ಕಂಪನಿಯವರೇ ಎಂಬುದು ಆಮೇಲೆ ಗೊತ್ತಾಯಿತು. ಅವರು ಒಪ್ಪಲಿಲ್ಲ.

ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಮತ್ತು ಅದರ ಮೇಲೆ ಬಂದ 2013ರ ನಿಯಮಗಳು ಅಂತರ್ಜಾಲದ ದೂರುಗಳಿಗೆಂದೇ ಒಂದು ಕ್ರಮವನ್ನು ಹಾಕಿಕೊಟ್ಟಿವೆ. ದೂರು ಲಿಖಿತವಾಗಿರಬೇಕು, ಕೃತಿ ಯಾವುದು, ಅದರ ಒಡೆತನ ಹೇಗೆ ಬಂತು ಎಂಬುದನ್ನು ದೂರುದಾರರು ತಿಳಿಸಬೇಕು, ನ್ಯಾಯಾಲಯಕ್ಕೆ ಹೋಗಿ 21 ದಿನಗಳೊಳಗೆ ಆದೇಶ ತರುತ್ತೇವೆಂದು ಬರೆದುಕೊಡಬೇಕು. ತಾಣದವರು 36 ಗಂಟೆಗಳಲ್ಲಿ ಕ್ರಮ ಕೈಗೊಳ್ಳಬೇಕು. 21 ದಿನ ಕಳೆದರೂ ಆದೇಶ ಬಾರದಿದ್ದರೆ ತೆಗೆದದ್ದನ್ನು ಮರಳಿ ಹಾಕಬಹುದು. ನ್ಯಾಯಾಲಯದ ಖರ್ಚು, ಓಡಾಟ ದೂರು ಕೊಟ್ಟವರ ಮೇಲೆ ಬೀಳುವಂತೆ ಮಾಡಿರುವ ಈ ಏರ್ಪಾಡು ನ್ಯಾಯವಾದದ್ದು. ಆದರೆ ಯಂತ್ರದ ಮೂಲಕ ಬರುವ ದೂರು ತಾಣದ ಸ್ವಂತ ಷರತ್ತುಗಳ ಪ್ರಕಾರ ನಡೆಯುವುದರಿಂದ ಈ ಕಟ್ಟುಪಾಡುಗಳಲ್ಲಿ ಒಂದೂ ಅದನ್ನು ತಾಗುವುದಿಲ್ಲ. ನಾಲ್ಕು ನಿಮಿಷದ ದನಿಗಾಗಿ ನಮ್ಮ ಸಂಘ ವಕೀಲರನ್ನು ಹಿಡಿದು, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರದ ಕೋರ್ಟಿಗೆ ಅಲೆಯುವುದು ಆಗದ ಮಾತು ಎಂಬುದು ಕಂಪನಿಗೂ ಗೊತ್ತು.

ಪ್ರದರ್ಶಕರ ಹಕ್ಕಿನ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಕಲೆಗೆ ಹತ್ತಿರದ ಸಂಗತಿ ಅದೇ. ತಾಳಮದ್ದಳೆಯಲ್ಲಿ ಪದ್ಯವೊಂದೇ ಬರೆದದ್ದು; ಪಾತ್ರವಹಿಸಿದ ಅರ್ಥಧಾರಿಗಳು ಆಡುವ ಮಾತು, ಅಂದರೆ ಅರ್ಥ, ಆ ಗಳಿಗೆಯಲ್ಲಿ ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುತ್ತದೆ. ಅಂಥದ್ದಕ್ಕೆ ರಕ್ಷಣೆ ಎಲ್ಲಿದೆ ಎಂದು ಹುಡುಕಿದರೆ, ಕಾಯ್ದೆಯ ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಯಲ್ಲಿ ನಟ, ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರಾಟದವರೂ ಹಾವಾಡಿಗರೂ ಉಪನ್ಯಾಸ ಮಾಡುವವರೂ ಇದ್ದಾರೆ. (ನಮ್ಮ ಕೆಲವು ಅರ್ಥಧಾರಿಗಳು ಈ ಕೊನೆಯ ಎರಡು ವರ್ಗಗಳಿಗೂ ಸಲ್ಲುತ್ತಾರೆಂಬುದನ್ನು ಕೂಟ ಕೇಳಿದವರು ಬಲ್ಲರು.) ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕು ಬಂದದ್ದು 1994ರಲ್ಲಿ, ಆದರೆ ಚಿತ್ರೀಕರಣಕ್ಕೆ ಒಮ್ಮೆ ಒಪ್ಪಿದರೆ ಅಲ್ಲಿಗೆ ಹಕ್ಕು ಮುಗಿಯುತ್ತಿತ್ತು. 2012ರ ತಿದ್ದುಪಡಿ ಅದನ್ನು ಬದಲಿಸಿತು. ಈಗ ಒಪ್ಪಿಗೆ ಕೊಟ್ಟ ಮೇಲೂ ವಾಣಿಜ್ಯ ಬಳಕೆಗೆ ರಾಯಧನ ಕೇಳಬಹುದು, ತಮ್ಮ ಹೆಸರು ಹಾಕಬೇಕೆಂದು ಒತ್ತಾಯಿಸಬಹುದು, ಗೌರವಕ್ಕೆ ಕುಂದು ತರುವಂತೆ ತಿರುಚಿದರೆ ತಡೆಯಬಹುದು. ಈ ಹಕ್ಕು ಪ್ರದರ್ಶನದ ಮುಂದಿನ ವರ್ಷದಿಂದ 50 ವರ್ಷ ಇರುತ್ತದೆ. ಹಕ್ಕನ್ನು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷಕ್ಕೆಂದು ಕಾಯ್ದೆ ತಿಳಿಯುತ್ತದೆ. ಕರಾರಿನ ಹೊತ್ತಿಗೆ ಬಳಕೆಯಲ್ಲಿ ಇಲ್ಲದ ಮಾಧ್ಯಮವನ್ನು ಹೆಸರಿಸದಿದ್ದರೆ ಆ ಮಾಧ್ಯಮದ ಹಕ್ಕು ಕೈಬಿಟ್ಟಂತೆ ಆಗುವುದಿಲ್ಲ ಎಂಬ ಮಾತೂ 2012ರಲ್ಲಿ ಸೇರಿದೆ.

ಇಷ್ಟೆಲ್ಲ ಇದ್ದೂ ಕರಾರೇ ಇಲ್ಲದಲ್ಲಿ ಇದು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾದಾಗ, ವಾದಕ್ಕೆ ಆಧಾರವಾಗಿ ಅವರು ಬರೆದಿಟ್ಟ ಉಯಿಲಾದರೂ ಇತ್ತು. ನಮ್ಮ ಜಿಲ್ಲೆಯ ಎಷ್ಟು ಕಲಾವಿದರ ಬಳಿ ಅಂಥ ಒಂದು ಕಾಗದವಿದ್ದೀತು? ಗಾಯಕರ ಪರವಾಗಿ ರಾಯಧನ ವಸೂಲು ಮಾಡುವ ಸಂಘವೊಂದು 2013ರಲ್ಲಿ ನೋಂದಣಿಯಾಗಿದೆ; ನಾನು ಬಲ್ಲ ಭಾಗವತರಲ್ಲಿ ಒಬ್ಬರೂ ಅದರ ಸದಸ್ಯರಲ್ಲ. ಸಂಘಟಕರಾದ ನಾವೂ ಇದರಲ್ಲಿ ಸಾಚಾ ಅಲ್ಲ. ವಿಡಿಯೊ ಏರಿಸುವ ಮೊದಲು ನಾವು ಯಾರನ್ನೂ ಕೇಳಿರಲಿಲ್ಲ. ಅರ್ಥಧಾರಿಗಳ ಹೆಸರನ್ನು ಬರೆದು ಹಾಡುವ, ಬಾರಿಸುವ ಹಿಮ್ಮೇಳದವರ ಹೆಸರನ್ನು ಬಿಟ್ಟಿದ್ದೆವು.

ಈಗ ಕಾರ್ಯಪತ್ರದ ವಿಷಯ. ಅದರ ಪ್ರಕಾರ ಕಾನೂನುಬದ್ಧವಾಗಿ ದೊರೆತ ಕೃತಿಗಳನ್ನು ತರಬೇತಿಗೆ ಬಳಸಲು ಕಂಪನಿಗಳಿಗೆ ಕಡ್ಡಾಯ ಪರವಾನಗಿ ಸಿಗುತ್ತದೆ. ಬೇಡವೆನ್ನುವ ಅವಕಾಶ ಹಕ್ಕುದಾರರಿಗೆ ಇರುವುದಿಲ್ಲ. ರಾಯಧನವನ್ನು ಒಂದು ಕೇಂದ್ರೀಯ ಸಂಸ್ಥೆ ವಸೂಲು ಮಾಡಿ ಹಂಚುತ್ತದೆ. ಹಂಚುವವರು ಪಟ್ಟಿ ನೋಡಿಯೇ ಹಂಚಬೇಕಷ್ಟೆ. ಆ ಪಟ್ಟಿಯಲ್ಲಿ ನಮ್ಮ ಭಾಗವತರ ಪದ್ಯ ಯಾರ ಹೆಸರಿನಲ್ಲಿ ಇರುತ್ತದೆ ಎಂಬುದಕ್ಕೆ ಆ ನಾಲ್ಕು ನಿಮಿಷದ ಮೌನವೇ ಉತ್ತರ ಹೇಳುತ್ತದೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ದನಿಯನ್ನು ಯಂತ್ರ ನಾಳೆ ಅನುಕರಿಸಿ ಹಾಡಿದರೆ ಅದರ ಹಣ ಕ್ಯಾಸೆಟ್ ಕಂಪನಿಗೆ ಹೋಗಬಹುದು, ಹೊನ್ನಾವರದಲ್ಲೋ ಸಿದ್ದಾಪುರದಲ್ಲೋ ಕುಳಿತ ಹಾಡುಗಾರರಿಗೆ ತಲುಪುವ ದಾರಿ ಕಾಣುವುದಿಲ್ಲ.

ಕರ್ನಾಟಕ ಯಕ್ಷಗಾನ ಅಕಾಡೆಮಿಯು ಒಂದು ಪುಟಕ್ಕೆ ಮೀರದ ಕನ್ನಡ ಕರಾರುಪತ್ರದ ಮಾದರಿಯನ್ನು ಸಿದ್ಧಪಡಿಸಿ ಮೇಳಗಳಿಗೂ ಹವ್ಯಾಸಿ ಸಂಘಗಳಿಗೂ ತಲುಪಿಸಬೇಕು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಯಂತ್ರದ ದೂರುಗಳಿಗೂ 21 ದಿನಗಳ ಕಟ್ಟುಪಾಡು ಅನ್ವಯಿಸುವಂತೆ, ಕನ್ನಡದಲ್ಲಿ ಬರೆದ ಆಕ್ಷೇಪವನ್ನು ಕನ್ನಡ ಬಲ್ಲ ಮನುಷ್ಯರೊಬ್ಬರು ಓದುವಂತೆ ನಿಯಮ ತಿದ್ದಬೇಕೆಂದು ನಮ್ಮ ಸಂಸದರು ಇಲಾಖೆಯ ಮುಂದೆ ಹೇಳಬೇಕು.

ಅಕಾಡೆಮಿಯ ಮಾದರಿ ಬರುವವರೆಗೆ ಕಾಯದೆ ನಮ್ಮ ಸಂಘ ತನಗೆ ತಿಳಿದಂತೆ ಒಂದು ಕಾಗದ ಬರೆದುಕೊಂಡಿದೆ. ಯಾರು ಚಿತ್ರೀಕರಿಸಬೇಕು, ಎಲ್ಲಿ ಹಾಕಬೇಕು, ಹಣ ಬಂದರೆ ಹಿಮ್ಮೇಳಕ್ಕೆಷ್ಟು, ಅರ್ಥಧಾರಿಗಳಿಗೆಷ್ಟು ಎಂಬುದು ಅದರಲ್ಲಿದೆ. ಸಹಿಗೆ ಕೊಟ್ಟಾಗ ಅದೇ ಭಾಗವತರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕೊನೆಯಲ್ಲಿ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: ‘ನನ್ನ ದನಿಯನ್ನು ಯಂತ್ರಕ್ಕೆ ಕಲಿಸತಕ್ಕದ್ದಲ್ಲ.’ ಕಾರ್ಯಪತ್ರದ ಪ್ರಸ್ತಾವ ಇದ್ದಂತೆಯೇ ಕಾನೂನಾದರೆ ಆ ಸಾಲು ಊರ್ಜಿತವೇ ಅಲ್ಲವೇ ಎಂಬುದನ್ನು ಇಲಾಖೆಯು ಸ್ಪಷ್ಟಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಇಂತಿ,
ಒಬ್ಬ ಹವ್ಯಾಸಿ ಅರ್ಥಧಾರಿ, ಶಿರಸಿ