ಏಳು ವರ್ಷದ ಶಿಕ್ಷೆ ಐದೇ ವಾರಕ್ಕೆ ಮುಗಿಯಿತೇ?

ಸಂಪಾದಕರಿಗೆ ನಮಸ್ಕಾರಗಳು.

ಆಂಧ್ರದ ಓಬಳಾಪುರಂನಲ್ಲಿ ಅಕ್ರಮವಾಗಿ ಕಬ್ಬಿಣದ ಅದಿರು ತೆಗೆದ ಗಣಿ ಪ್ರಕರಣದಲ್ಲಿ ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿಯವರಿಗೆ ವಿಧಿಸಿದ್ದ ಶಿಕ್ಷೆಯನ್ನು ತೆಲಂಗಾಣ ಹೈಕೋರ್ಟ್ 2025ರ ಜೂನ್ 11ರಂದು ಅಮಾನತಿನಲ್ಲಿಟ್ಟು ಜಾಮೀನು ನೀಡಿದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ವರದಿಯ ವಿವರಗಳನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ; ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ತಿಳಿಯದವರು ಯಾರೂ ಇರಲಾರರು. ಸಂಡೂರು ತಾಲ್ಲೂಕಿನ ಒಬ್ಬ ಸಾಧಾರಣ ರೈತನಿಗೆ ಆ ವರದಿಯನ್ನು ಓದಿದಾಗ ಏನನ್ನಿಸಿತು ಎಂಬುದನ್ನು ಮಾತ್ರ ಬರೆಯುತ್ತಿದ್ದೇನೆ. ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಬೇಕೆಂದು ಕೋರುತ್ತೇನೆ.

2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಏಳು ವರ್ಷಗಳ ಶಿಕ್ಷೆ ವಿಧಿಸಿದಾಗ, ತಡವಾದರೂ ಇದಕ್ಕೊಂದು ಗತಿ ಕಂಡಿತಲ್ಲ ಎಂದು ನಮ್ಮೂರಿನ ಅರಳಿಕಟ್ಟೆಯ ಮೇಲೆ ಕುಳಿತವರೆಲ್ಲ ಸಮಾಧಾನಪಟ್ಟಿದ್ದೆವು. ಸಿಬಿಐ ಮೊಕದ್ದಮೆ ದಾಖಲಿಸಿದ್ದು 2009ರ ಡಿಸೆಂಬರಿನಲ್ಲಿ. ಬಳ್ಳಾರಿಯಿಂದ ಅವರನ್ನು ಬಂಧಿಸಿ ಒಯ್ದದ್ದು 2011ರ ಸೆಪ್ಟೆಂಬರ್ 5ರಂದು. ಅಲ್ಲಿಂದ ತೀರ್ಪು ಬರುವವರೆಗೆ ಹದಿಮೂರು ವರ್ಷ ಎಂಟು ತಿಂಗಳು ಹಿಡಿಯಿತು. ಅಷ್ಟು ಕಾಲ ವಿಚಾರಣೆ ನಡೆಸಿದ ವ್ಯವಸ್ಥೆಗೆ ಶಿಕ್ಷೆಯನ್ನು ಅಮಾನತಿನಲ್ಲಿಡಲು ಬೇಕಾದದ್ದು ಮೂವತ್ತಾರು ದಿನ. ನಮ್ಮ ನ್ಯಾಯಾಲಯಗಳು ನಿಧಾನವೆಂದು ಯಾರಾದರೂ ಇನ್ನು ಮುಂದೆ ದೂರಿದರೆ ನಾನು ಒಪ್ಪುವುದಿಲ್ಲ.

ನ್ಯಾಯಾಂಗ ನಿಂದನೆ ನನ್ನ ಉದ್ದೇಶವಲ್ಲ. ಮೇಲ್ಮನವಿ ಸಲ್ಲಿಸುವುದು ಯಾವುದೇ ಅಪರಾಧಿಯ ಹಕ್ಕು, ಶಿಕ್ಷೆ ಅಮಾನತಾದ ಮಾತ್ರಕ್ಕೆ ಆರೋಪಮುಕ್ತಿಯಲ್ಲ, ಅವರು ವಿಚಾರಣಾಧೀನರಾಗಿ 2015ರ ಜನವರಿಯವರೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದಿದ್ದಾರೆ ಎಂಬುದೆಲ್ಲವೂ ನನಗೆ ಗೊತ್ತಿದೆ. ಆ ಅವಧಿಯಲ್ಲೇ, ಅಂದರೆ 2012ರಲ್ಲಿ, ಅವರಿಗೆ ಜಾಮೀನು ಕೊಡಲು ಕೋಟಿಗಟ್ಟಲೆ ಹಣ ಕೈಬದಲಾಯಿಸಿತೆಂಬ ಆರೋಪದ ಮೇಲೆ ಜಾಮೀನು ಕೊಟ್ಟ ನ್ಯಾಯಾಧೀಶರೇ ಅಮಾನತಾಗಿ ಬಂಧನಕ್ಕೊಳಗಾದರು ಎಂಬುದೂ ಗೊತ್ತಿದೆ. ಎಲ್ಲವೂ ಕಾನೂನಿನ ಚೌಕಟ್ಟಿನಲ್ಲೇ ನಡೆದಿದೆ ಎಂದು ಬಲ್ಲವರು ಹೇಳುತ್ತಾರೆ. ಆ ಚೌಕಟ್ಟು ಕೆಲವರಿಗೆ ಬಾಗಿಲಾಗಿಯೂ ಉಳಿದವರಿಗೆ ಗೋಡೆಯಾಗಿಯೂ ಏಕೆ ಒದಗುತ್ತದೆ ಎಂಬುದಷ್ಟೇ ನನ್ನ ತಕರಾರು.

ನನ್ನನ್ನು ನಿಜವಾಗಿ ಕೆರಳಿಸಿದ್ದು ಏಳು ವರ್ಷವೂ ಅಲ್ಲ, ಮೂವತ್ತಾರು ದಿನವೂ ಅಲ್ಲ, ದಂಡದ ಮೊತ್ತ. ಬೊಕ್ಕಸಕ್ಕೆ ಆದ ನಷ್ಟ 800 ಕೋಟಿ ರೂಪಾಯಿಗೂ ಮೇಲೆ ಎಂದು ಸಿಬಿಐ ಲೆಕ್ಕ ಹೇಳುತ್ತದೆ. ಅಪರಾಧಿಗಳಿಗೆ ವಿಧಿಸಿದ ದಂಡ ತಲಾ ಹತ್ತು ಸಾವಿರ ರೂಪಾಯಿ! ಅಚ್ಚಿನ ದೋಷವಿರಬಹುದೆಂದು ಆ ವಾರ ಪಕ್ಕದ ಮನೆಯವರ ಪತ್ರಿಕೆಯನ್ನೂ ತರಿಸಿ ನೋಡಿದೆ. ಅದರಲ್ಲಿಯೂ ಹತ್ತು ಸಾವಿರವೇ ಇತ್ತು.

ಈಗ ನಮ್ಮ ಮನೆಯ ಸಂಗತಿಯನ್ನು ಹೇಳುತ್ತೇನೆ. ಹೋದ ವರ್ಷ ನನ್ನ ತಮ್ಮ ಮನೆಯ ಮೇಲಂತಸ್ತಿಗೆ ಒಂದು ಟ್ರ್ಯಾಕ್ಟರ್ ಮರಳು ತರಿಸುತ್ತಿದ್ದ. ಪರವಾನಗಿ ಇತ್ತು, ರಾಜಧನ ಕಟ್ಟಿದ ರಸೀದಿಯೂ ಇತ್ತು. ದಾರಿಯಲ್ಲಿ ಟೈರು ಪಂಕ್ಚರಾಗಿ, ಅದನ್ನು ಬಿಚ್ಚಿ ಹಾಕುವಷ್ಟರಲ್ಲಿ ಪರವಾನಗಿಯಲ್ಲಿ ನಮೂದಿಸಿದ್ದ ಸಮಯ ಮೀರಿತ್ತು. ತಪಾಸಣೆಗೆ ಬಂದ ಅಧಿಕಾರಿಗಳು ಅಕ್ರಮ ಸಾಗಣೆಯೆಂದು ಟ್ರ್ಯಾಕ್ಟರನ್ನು ಜಪ್ತಿ ಮಾಡಿ ಠಾಣೆಗೆ ಒಯ್ದರು. ಪಂಕ್ಚರ್ ಅಂಗಡಿಯವನನ್ನೇ ಕರೆತಂದು ಹೇಳಿಸಿದರೂ, ಕಾನೂನು ಎಲ್ಲರಿಗೂ ಒಂದೇ ಎಂಬ ಉತ್ತರ ಬಂತು. ದಂಡವೆಂದು ಕಟ್ಟಿದ್ದು ಇಪ್ಪತ್ತೈದು ಸಾವಿರ ರೂಪಾಯಿ. ವಾಹನ ಬಿಡಿಸಿಕೊಳ್ಳಲು ವಕೀಲರ ಶುಲ್ಕ ಬೇರೆ. ಶ್ಯೂರಿಟಿಗೆ ನನ್ನ ಪಹಣಿ ಕೊಡಬೇಕಾಯಿತು, ಪಹಣಿಯಲ್ಲಿ ನನ್ನ ತಂದೆಯ ಹೆಸರಿನ ಒಂದು ಅಕ್ಷರ ಆಧಾರ್ ಕಾರ್ಡಿಗೆ ತಾಳೆಯಾಗಲಿಲ್ಲವೆಂದು ಅದರ ತಿದ್ದುಪಡಿಗೆ ಅಲೆದದ್ದು ಇನ್ನೂ ಬೇರೆ. ಬಿತ್ತನೆಯ ಕಾಲವಾದ್ದರಿಂದ ಬಾಡಿಗೆ ಟ್ರ್ಯಾಕ್ಟರಿನಿಂದ ಹೊಲ ಹರಗಿಸಿದೆವು. ಕೊನೆಗೆ ಆದೇಶದ ಪ್ರತಿ ಹಿಡಿದು ಠಾಣೆಗೆ ಹೋದಾಗ, ಹುಣಸೆಮರದ ಕೆಳಗೆ ಮುಂದಿನ ಎರಡು ಚಕ್ರಗಳೂ ಗಾಳಿಯಿಲ್ಲದೆ ನೆಲಕ್ಕೆ ಕೂತಿದ್ದವು, ಸೀಟಿನ ಸ್ಪಂಜನ್ನು ಇಲಿ ಕಡಿದಿತ್ತು, ಬ್ಯಾಟರಿ ಕಾಣೆಯಾಗಿತ್ತು. ಬ್ಯಾಟರಿ ಎಲ್ಲಿ ಎಂದು ಕೇಳಿದ್ದಕ್ಕೆ, ಜಪ್ತಿ ಪಂಚನಾಮೆಯಲ್ಲಿ ಬ್ಯಾಟರಿಯ ಉಲ್ಲೇಖವೇ ಇಲ್ಲವೆಂದು ತೋರಿಸಿದರು. ಹಾಗಾದರೆ ಬ್ಯಾಟರಿಯಿಲ್ಲದ ಟ್ರ್ಯಾಕ್ಟರ್ ಮರಳು ಹೊತ್ತು ಅಷ್ಟು ದೂರ ಹೇಗೆ ಓಡಿಬಂತು ಎಂಬ ಪ್ರಶ್ನೆಗೆ ಅಲ್ಲಿದ್ದವರು ನಕ್ಕರು.

ಒಂದು ಟ್ರ್ಯಾಕ್ಟರ್ ಮರಳಿಗೆ ಇಪ್ಪತ್ತೈದು ಸಾವಿರ, ಕಬ್ಬಿಣದ ಅದಿರಿನ ಬೆಟ್ಟಕ್ಕೆ ಹತ್ತು ಸಾವಿರ. ನನ್ನ ತಮ್ಮ ಮರಳಿನ ಬದಲು ಅದಿರನ್ನೇ ಸಾಗಿಸಿದ್ದರೆ ದಂಡದಲ್ಲಿ ಹದಿನೈದು ಸಾವಿರ ಉಳಿಯುತ್ತಿತ್ತೇನೋ.

ಗಡಿಯ ವಿಷಯವೂ ಹೀಗೆಯೇ. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿ ಗುರುತುಗಳನ್ನೇ ಅಳಿಸಿ ಅದಿರು ತೆಗೆದರೆಂಬ ಆರೋಪ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬಂತು. ನಾನು ನನ್ನ ಹೊಲದ ಹದ್ದುಬಸ್ತಿಗೆ ಶುಲ್ಕ ಕಟ್ಟಿ ಅರ್ಜಿ ಕೊಟ್ಟಿದ್ದೇನೆ. ಭೂಮಾಪಕರು ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುವುದರಲ್ಲೇ ಎರಡು ಬೆಳೆ ಕಟಾವಾದವು. ಬಾಂದುಕಲ್ಲನ್ನು ಪಕ್ಕದವರು ಒಂದು ಮೊಳ ಸರಿಸಿದರೆ ಪಂಚಾಯಿತಿಯಿಂದ ಕೋರ್ಟಿನವರೆಗೆ ರಾದ್ಧಾಂತವಾಗುತ್ತದೆ. ರಾಜ್ಯದ ಗಡಿಯೇ ಸರಿದರೆ ಮಾತ್ರ ಜಂಟಿ ಸರ್ವೆಯ ಮೇಲೆ ಜಂಟಿ ಸರ್ವೆ ನಡೆಯುತ್ತದೆ. ಇನ್ನು ಅಧಿಕಾರಿಗಳ ಮಾತು. ಈ ಪ್ರಕರಣದಲ್ಲಿ ಅಂದಿನ ಆಂಧ್ರದ ಗಣಿ ನಿರ್ದೇಶಕ ವಿ.ಡಿ. ರಾಜಗೋಪಾಲ್ ಅವರಿಗೆ ಶಿಕ್ಷೆಯಾಯಿತು. ಗಣಿ ಸಚಿವೆಯಾಗಿದ್ದವರೂ ಹಿರಿಯ ಐಎಎಸ್ ಅಧಿಕಾರಿಯೊಬ್ಬರೂ ಖುಲಾಸೆಯಾದರು. ನ್ಯಾಯಾಲಯದ ಮಾತಿಗೆ ಎದುರಿಲ್ಲ. ಆದರೆ ಸರ್ಕಾರದ ಕಡತವೊಂದು ಕೆಳಗಿನ ಮೇಜಿನಲ್ಲಿ ಅಪರಾಧವಾಗಿದ್ದು, ಮೆಟ್ಟಿಲು ಹತ್ತುತ್ತ ಹತ್ತುತ್ತ ಪರಿಶುದ್ಧವಾಗುವ ಬಗೆಯನ್ನು ಬಲ್ಲವರು ನಮಗೂ ವಿವರಿಸಿದರೆ ಉಪಕಾರವಾಗುತ್ತದೆ.

ಇದನ್ನು ಒಂದು ಪಕ್ಷದ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು. ಬೇಲೆಕೇರಿ ಬಂದರಿನಿಂದ ಜಪ್ತಿಯಾದ ಅದಿರೇ ಮಾಯವಾದ ಪ್ರಕರಣಗಳಲ್ಲಿ ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಅವರಿಗೆ 2024ರ ಅಕ್ಟೋಬರಿನಲ್ಲಿ ಇದೇ ಏಳು ವರ್ಷ ಶಿಕ್ಷೆಯಾಯಿತು, ನವೆಂಬರಿನಲ್ಲಿ ಅದೂ ಅಮಾನತಾಯಿತು. ಅಲ್ಲಿ ದಂಡವಾದರೂ ಕೋಟಿಗಳಲ್ಲಿತ್ತು ಎನ್ನುವುದೊಂದು ಸಮಾಧಾನ. ಅಕ್ರಮ ಗಣಿಗಾರಿಕೆಯ ವಿರುದ್ಧ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂದ ಕಾಂಗ್ರೆಸ್ಸಿನವರಿಗೆ ನಮ್ಮ ಊರುಗಳ ಜನ ಮಜ್ಜಿಗೆ ಕೊಟ್ಟು ಕಳಿಸಿದರು. ನಡೆದು ಬಂದವರು ಅಧಿಕಾರಕ್ಕೂ ಬಂದರು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದಿತ್ತು. ಅದರಲ್ಲಿ ಎಷ್ಟು ವಸೂಲಾಯಿತೆಂದು ಕೇಳಿದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು ತೋರಿಸುತ್ತಾರೆ.

ಹಣವಂತರ ಕಷ್ಟವನ್ನು ಅರಿಯದೆ ಮಾತನಾಡುತ್ತಿದ್ದೇನೆ ಎನ್ನುವವರೂ ಇರಬಹುದು. 2016ರ ನವೆಂಬರಿನಲ್ಲಿ ನೋಟು ರದ್ದಾಗಿ ಎಂಟು ದಿನವಾಗಿತ್ತು. ನಮ್ಮಂಥವರು ನಮ್ಮದೇ ಹಣಕ್ಕೆ ಬ್ಯಾಂಕಿನ ಮುಂದೆ ಚಪ್ಪಲಿಗಳನ್ನು ಸಾಲಿನಲ್ಲಿಟ್ಟು ನೆರಳಿಗೆ ಕೂತಿದ್ದೆವು. ಅದೇ ವೇಳೆಗೆ, ಜಾಮೀನಿನ ಮೇಲೆ ಹೊರಗಿದ್ದ ಇದೇ ಮಾಜಿ ಸಚಿವರ ಮಗಳ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಪೆಟ್ಟಿಗೆ ತೆರೆದರೆ ಪರದೆಯ ಮೇಲೆ ಹಾಡು ಬರುವ ಆಮಂತ್ರಣ ಪತ್ರಿಕೆಯನ್ನು ನಾವು ಟಿ.ವಿ.ಯಲ್ಲಿ ನೋಡಿ ಧನ್ಯರಾದೆವು. ಎಲ್ಲ ಪಕ್ಷಗಳ ಗಣ್ಯರೂ ಅಲ್ಲಿ ಅಕ್ಷತೆ ಹಾಕಿದರು. ಅಂದು ಊಟ ಮಾಡಿ ಬಂದವರು ಇಂದು ಶಿಕ್ಷೆಯ ಬಗ್ಗೆ ಬಾಯಿ ಬಿಡದಿರುವುದು ಸಹಜವೇ ಆಗಿದೆ.

ಸೆರೆಮನೆಗೆ ಹೋದರೂ ಇಂಥವರ ಪಾಲಿಗೆ ಅದು ಬೇರೆಯದೇ ಸೆರೆಮನೆ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ತಮಿಳುನಾಡಿನ ನಾಯಕಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ದೊರೆಯುತ್ತಿದೆಯೆಂದು 2017ರಲ್ಲಿ ವರದಿ ಕೊಟ್ಟ ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ ಅವರಿಗೇ ವರ್ಗಾವಣೆಯಾಯಿತು. 2024ರ ಆಗಸ್ಟಿನಲ್ಲಿ ಅದೇ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಹಾಗೂ ಕಾಫಿ ಮಗ್ ಹಿಡಿದು ಕುಳಿತಿದ್ದ ವಿಚಾರಣಾಧೀನ ನಟನ ಚಿತ್ರ ಹೊರಬಿದ್ದಾಗ, ಅವರನ್ನು ಕಳಿಸಿದ್ದು ನಮ್ಮ ಬಳ್ಳಾರಿ ಜೈಲಿಗೆ. ಬಳ್ಳಾರಿಯೆಂದರೆ ಶಿಕ್ಷೆ ಎಂದು ಬೆಂಗಳೂರಿನವರು ಇಂದಿಗೂ ನಂಬಿರುವುದು ನಮಗೆ ಹೆಮ್ಮೆಯೋ ಅವಮಾನವೋ ತಿಳಿಯದು. ದೇಶದ ಸೆರೆಮನೆಗಳಲ್ಲಿ ಇರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನರು. ಅವರಲ್ಲಿ ಎಷ್ಟೋ ಮಂದಿ ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಇದ್ದಾರೆ. ಅವರ ಅರ್ಜಿಗಳನ್ನೂ ಮೂವತ್ತಾರು ದಿನಗಳಲ್ಲಿ ಕೇಳಿದರೆ ನಾನು ಈ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ.

ಗಣಿಗಾರಿಕೆ ಜೋರಾಗಿದ್ದ ದಿನಗಳಲ್ಲಿ ತಾಡಪಾಲು ಕಟ್ಟದ ಲಾರಿಗಳು ಹಗಲಿರುಳು ಓಡಿ, ಹತ್ತಿಯ ಬಿಳುಪು ಕೆಂಪಾಗಿ, ದಲಾಲರು ಅರ್ಧ ಬೆಲೆಗೆ ಕೇಳುತ್ತಿದ್ದರು. ಒಣಹಾಕಿದ ಹಪ್ಪಳವನ್ನು ಹೆಂಗಸರು ಕೊಡವಿ ಕೊಡವಿ ಬೇಸತ್ತಿದ್ದರು. ನನ್ನ ತಂದೆ ಕೆಮ್ಮುತ್ತಲೇ ತೀರಿಕೊಂಡರು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಆದೇಶದಿಂದ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿಯ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ, ನಮ್ಮೂರಿನ ರಸ್ತೆಯ ಗುಂಡಿ ಮಾತ್ರ ಓದಲು ಬಾರದ್ದರಿಂದ ಹಾಗೆಯೇ ಇದೆ.

ಆದ್ದರಿಂದ ಸರ್ಕಾರ ಕೂಡಲೇ ಎಚ್ಚೆತ್ತು, ಇಂಥ ಅಪರಾಧಗಳಲ್ಲಿ ದಂಡವನ್ನು ನಷ್ಟದ ಲೆಕ್ಕಕ್ಕೆ ಸರಿಯಾಗಿ ಏರಿಸುವಂತೆ ಕಾನೂನು ತಿದ್ದಬೇಕು. ಕೇಂದ್ರದವರು ರಾಜ್ಯದತ್ತ, ರಾಜ್ಯದವರು ಕೇಂದ್ರದತ್ತ ಬೆರಳು ತೋರಿಸುವುದೇ ಆದರೆ, ಒಂದು ಟ್ರ್ಯಾಕ್ಟರ್ ಮರಳಿನ ದಂಡವನ್ನಾದರೂ ಹತ್ತು ಸಾವಿರದೊಳಕ್ಕೆ ಇಳಿಸಿ ಸಮಾನತೆಯನ್ನು ಕಾಪಾಡಬೇಕು. ಎರಡೂ ಆಗದಿದ್ದಲ್ಲಿ ಸಂಬಂಧಪಟ್ಟವರು ಕಾನೂನು ಎಲ್ಲರಿಗೂ ಒಂದೇ ಎಂದು ರೈತರ ಮುಖಕ್ಕೆ ಹೇಳುವುದನ್ನಾದರೂ ನಿಲ್ಲಿಸಬೇಕು. ಸಂಬಂಧಪಟ್ಟವರು ಯಾರೆಂದು ನನಗೆ ಇದುವರೆಗೂ ಯಾವ ಕಚೇರಿಯಲ್ಲಿಯೂ ಯಾರೂ ಹೇಳಿಲ್ಲ.

ಒಬ್ಬ ರೈತ, ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ